ಹೊಡೆದದ್ದಕ್ಕೊಂದು ಮೆತ್ತನೆಯ ಶಬ್ದ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ, ಕೆಲವರು ಹಳೆಯ ಜಗಳ. ನಾನು ಹಳೆಯ ಇಂಗ್ಲಿಷ್ ಶಬ್ದಗಳನ್ನು ಕೂಡಿಡುತ್ತೇನೆ. ಕಲಬುರಗಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ನನ್ನಿಂದ ಹುಡುಗರು ಬಯಸುವುದು ಪರೀಕ್ಷೆಗೆ ಬರುವ ಶಬ್ದಗಳನ್ನು. ನನ್ನ ಹತ್ತಿರ ಇರುವವು ಇಂಗ್ಲೆಂಡಿನವರೇ ಕೈಬಿಟ್ಟಂಥವು. ಹಿಂಸೆಗೆ ಅವರು ಒಂದು ಕಾಲಕ್ಕೆ ‘ವಯೊಲೆನ್ಸಿ’ ಎನ್ನುತ್ತಿದ್ದರು. ನೇರಳೆಗೆ ತಿರುಗುತ್ತಿರುವ ಬಣ್ಣಕ್ಕೆ ‘ವಯೊಲೆಸೆಂಟ್’ ಎಂಬ ಶಬ್ದವಿತ್ತು. ನಿಘಂಟಿನಲ್ಲಿ ಹಿಂಸೆಯೂ ನೇರಳೆಯೂ ಅಕ್ಕಪಕ್ಕದ ಮನೆಯವರು, ಆದರೆ ರಕ್ತಸಂಬಂಧವಿಲ್ಲ. ಒಂದು ಬಲದಿಂದ ಹುಟ್ಟಿದ್ದು, ಇನ್ನೊಂದು ಹೂವಿನಿಂದ. ಇಂಥ ಸಂಗತಿ ತಿಳಿದ ದಿನ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹೇಳಿಸಿಕೊಂಡವರಿಗೆ ಸೇರುತ್ತದೆಯೋ ಇಲ್ಲವೋ ನಾನು ವಿಚಾರಿಸಿಲ್ಲ.

ಆ ರವಿವಾರ ಸಿಕ್ಕವಳು ಹೆಂಡತಿ ಶಕುಂತಲಾ. ಅವಳು ತೊಗರಿಬೇಳೆ ಆರಿಸುತ್ತ ಕೂತಿದ್ದಳು, ಎದ್ದು ಹೋಗುವ ಹಾಗಿರಲಿಲ್ಲ. ನಾನು ಹೂವಿನವರೆಗೆ ಬಂದಿದ್ದೆ, ಅಷ್ಟರಲ್ಲಿ ಬಾಗಿಲಲ್ಲಿ ಕವಿತಾ ನಿಂತಿದ್ದಳು. ತೀರಿಹೋದ ನನ್ನ ಅಣ್ಣನ ಮಗಳು. ಕಮಲಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು. ಕೈಯಲ್ಲಿ ಚೀಲವಿರಲಿಲ್ಲ. ಬಿಸಿಲಲ್ಲಿ ಬಂದವಳು ಸೆರಗನ್ನು ತೋಳಿನ ಸುತ್ತ ಬಿಗಿಯಾಗಿ ಸುತ್ತಿಕೊಂಡಿದ್ದಳು. ನಾನು ಕೂಡ್ರಲು ಹೇಳಿ, ಒಳ್ಳೆಯ ಹೊತ್ತಿಗೆ ಬಂದೆಯೆಂದು ನೇರಳೆ ಬಣ್ಣದ ಮಾತನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಶಕುಂತಲಾ ಎದ್ದು ಕವಿತಾಳ ಸೆರಗು ಸರಿಸಿದಳು.

“ಕೂಸಿನ ತೋಳು ನೋಡ್ರಿ ಮೊದಲ. ಬಣ್ಣದ ಹೆಸರು ಆಮ್ಯಾಗ ಹೇಳ್ರಿ,” ಅಂದಳು.

ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ ಮೂಡಿದ್ದವು. ಬೆನ್ನಿನ ಮೇಲೂ ಇದ್ದವೆಂದು ಆಮೇಲೆ ತಿಳಿಯಿತು. ಶಕುಂತಲಾ ಬೇಳೆಯನ್ನು ಅಲ್ಲೇ ಬಿಟ್ಟು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಅಲ್ಲಿಂದ ಗಂಡನ ಮೇಲೆ ದೂರು ಕೊಡಲು ಪೊಲೀಸ್ ಠಾಣೆಗೆ. ನಾನು ಮನೆಯಲ್ಲಿ ಕೂತು ಬೇಳೆ ಆರಿಸಿದೆ. ಅದನ್ನೂ ಸರಿಯಾಗಿ ಆರಿಸಿರಲಿಲ್ಲವೆಂದು ರಾತ್ರಿ ಊಟದಲ್ಲಿ ಗೊತ್ತಾಯಿತು.

ಮರುದಿನ ಕವಿತಾಳ ಗಂಡನ ಕಾಕಾ ಬಂದರು. ನಮ್ಮೂರಿನ ನೆಹರು ಗಂಜ್ ಮಾರುಕಟ್ಟೆಯಲ್ಲಿ ಬೇಳೆಕಾಳಿನ ದಲಾಲಿ ಅಂಗಡಿ ಇಟ್ಟ ಮನುಷ್ಯ, ಬಹಳ ಮರ್ಯಾದಸ್ಥರು. ಠಾಣೆಗೆ ಹೋದದ್ದು ಹೋಯಿತು, ಕಮಲಾಪುರಕ್ಕೆ ಬನ್ನಿ, ಹಿರಿಯರು ಕೂತು ಮುಗಿಸೋಣ ಎಂದರು. ಶಕುಂತಲಾ ಬೇಡವೆಂದಳು. ಕವಿತಾ ಹೋಗೋಣವೆಂದಳು; ತನ್ನ ಬಟ್ಟೆಬರೆ, ಸರ್ಟಿಫಿಕೇಟುಗಳೆಲ್ಲ ಅಲ್ಲೇ ಇದ್ದವು. ಮೂವರೂ ಬಸ್ಸು ಹತ್ತಿದೆವು.

ಅಳಿಯ ಮಹೇಶ ನನಗೆ ಕುರ್ಚಿ ಹಾಕಿ, ಫ್ಯಾನು ನನ್ನ ಕಡೆ ತಿರುಗಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕವಿತಾಳ ತೋಳು ನೋಡಿರದಿದ್ದರೆ ಇಂಥ ಹುಡುಗ ಇನ್ನೊಬ್ಬನಿದ್ದಾನೆಯೇ ಅನ್ನುತ್ತಿದ್ದೆ. ಚಹಾ ಬಂತು, ಚೂಡಾ ಬಂತು. ಆಮೇಲೆ ಅವನ ಕಾಕಾ ಬಿಳಿ ಹಾಳೆಯೊಂದನ್ನು ನನ್ನ ಮುಂದಿಟ್ಟರು. ಇನ್ನು ಮುಂದೆ ಹೀಗಾಗುವುದಿಲ್ಲ ಎಂದು ಬರೆದು ಎರಡೂ ಕಡೆಯವರು ಸಹಿ ಹಾಕುವುದು, ಕವಿತಾ ದೂರು ಹಿಂದಕ್ಕೆ ತೆಗೆದುಕೊಳ್ಳುವುದು. ಬರೆಯಬೇಕಾದವನು ನಾನು.

“ಹೊಡೆದ ಅನ್ನೂದು ಬ್ಯಾಡ್ರಿ ಸರ್,” ಎಂದರು. “ನೀವು ಇಷ್ಟು ಓದಿದವರು. ಇಂಗ್ಲಿಷಿನ್ಯಾಗ ಏನರೆ ಮೆತ್ತಗಿನ ಶಬ್ದ ಇರ್ತದಲ್ರೀ.”

ನನ್ನ ಶಬ್ದಭಂಡಾರಕ್ಕೆ ಜನ್ಮದಲ್ಲಿ ಬಂದ ಮೊದಲ ಗಿರಾಕಿ. ನಾಚಿಕೆಯ ಮಾತೆಂದರೆ, ನಾನು ಹುಡುಕತೊಡಗಿದೆ. ‘ವಯೊಲೆಂಟ್’ ಅಂದರೆ ಹಿಂದೆ ಬರೀ ಜೋರಾದದ್ದು ಎಂಬ ಅರ್ಥವೂ ಇತ್ತು. ಗಾಳಿಗೂ ಹೇಳುತ್ತಿದ್ದರು, ಪ್ರೀತಿಗೂ ಹೇಳುತ್ತಿದ್ದರು ಎಂದು ಬಾಯಿಬಿಟ್ಟೂ ಬಿಟ್ಟೆ. ಮಹೇಶನ ಕಾಕಾರ ಮುಖ ಅರಳಿತು. ಅದನ್ನೇ ಬರೆಯಿರಿ, ಹುಡುಗನದು ಪ್ರೀತಿ ಸ್ವಲ್ಪ ಜೋರು ಎಂದಂತಾಯಿತು ಎಂದರು. ಮಹೇಶ ತಲೆ ತಗ್ಗಿಸಿ ಸಣ್ಣಗೆ ನಕ್ಕ. ಆ ನಗೆ ಕಂಡು, ಹಾಳೆಗೆ ಊರಿದ್ದ ಪೆನ್ನನ್ನು ಮೇಲೆತ್ತಿದೆ.

ಒಳಗಿನಿಂದ ಕವಿತಾ ಚೀಲ ಹಿಡಿದು ಬಂದಳು. ನನ್ನ ಕೈಯ ಪೆನ್ನು ನೋಡಿದಳು.

“ಕಾಕಾ, ಹೊಡದಾನ ಅಂತ ಬರೀರಿ. ಕನ್ನಡದಾಗೇ ಬರೀರಿ. ನಾ ವಾಪಸ್ ಬರೂದಿಲ್ಲ ಅಂತನೂ ಬರೀರಿ.”

ನಾನು ಬರೆದೆ. ಕವಿತಾ ಸಹಿ ಹಾಕಿದಳು. ಮಹೇಶ ಹಾಕಲಿಲ್ಲ, ಅವನ ಕಾಕಾ ಹಾಳೆಯನ್ನು ಮಡಚಿ, ಹರಿದು, ಚಹಾದ ಕಪ್ಪಿನ ಬಸಿಯಲ್ಲಿಟ್ಟರು. ನಮ್ಮನ್ನು ಬೀಳ್ಕೊಡಲು ಯಾರೂ ಏಳಲಿಲ್ಲ. ಬಸ್ಸಿನಲ್ಲಿ ಶಕುಂತಲಾ ನನ್ನ ಪಕ್ಕ ಬಿಟ್ಟು ಕವಿತಾಳ ಪಕ್ಕ ಕೂತಳು. ಕವಿತಾ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು.

ದೂರು ಹಿಂದಕ್ಕೆ ಬರಲಿಲ್ಲ, ಕೋರ್ಟು ಇನ್ನೂ ನಡೆದಿದೆ. ಕವಿತಾ ಈಗ ನಮ್ಮ ಮನೆಯಲ್ಲೇ ಇದ್ದು ಬಿ.ಎಡ್. ಓದುತ್ತಿದ್ದಾಳೆ. ತೋಳಿನ ಬಣ್ಣ ಹಸಿರಾಗಿ, ಹಳದಿಯಾಗಿ, ಹೋಯಿತು. ಎಲ್ಲ ಸರಿಯಾಯಿತೆಂದೇ ನಾನು ತಿಳಿದಿದ್ದೆ. ಮೊನ್ನೆ ಬೆಳಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಕಬ್ಬಿಣದ ಅಲ್ಮೇರಾದ ಬಾಗಿಲು ಹಾಕಿದೆ. ಅದು ಜಾಡಿಸಿ ಹಾಕಿದರಷ್ಟೇ ಕೂರುವ ಬಾಗಿಲು. ತಿರುಗಿ ನೋಡಿದರೆ, ಪುಸ್ತಕ ಹಿಡಿದು ನೆಲದ ಮೇಲೆ ಕೂತಿದ್ದ ಕವಿತಾ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿದ್ದಳು. ಏನೂ ಇಲ್ಲ ಕಾಕಾ, ಎಂದು ಕೈ ಇಳಿಸಿ ಮತ್ತೆ ಓದತೊಡಗಿದಳು.

ಈಗ ಅಲ್ಮೇರಾ ಅರ್ಧ ತೆರೆದೇ ಇರುತ್ತದೆ, ನನ್ನ ಅಂಗಿಗಳೆಲ್ಲ ಧೂಳು. ಎಲ್ಲರೂ ಹೊರಗೆ ಹೋದಾಗ ಅದರ ಮುಂದೆ ನಿಂತು ಮೆಲ್ಲಗೆ ಹಾಕುವುದನ್ನು ಕಲಿಯುತ್ತಿದ್ದೇನೆ. ಇಷ್ಟೊಂದು ಶಬ್ದ ಬಲ್ಲ ನನಗೆ, ಶಬ್ದ ಮಾಡದೆ ಒಂದು ಬಾಗಿಲು ಹಾಕಲು ಇನ್ನೂ ಬಂದಿಲ್ಲ.