ಅಡುಗೆಮನೆಯ ಫೋನು, ಮಲ್ಲಪ್ಪನ ಲಿನಕ್ಸು

ಆಗ ನನಗೆ ಅರವತ್ತೆರಡು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ವಯಸ್ಸಾದರೆ ಬುದ್ಧಿ ಬರುತ್ತದೆ ಅನ್ನುತ್ತಾರೆ. ನಾನು ಕಂಡ ಮಟ್ಟಿಗೆ ಮೊಣಕಾಲು ನೋವು ಬರುತ್ತದೆ, ಮತ್ತೇನೂ ಬರುವುದಿಲ್ಲ. ನಾನು ಓದಿದ್ದು ಎರಡನೇ ಜಮಾತು. ಅಷ್ಟರಲ್ಲಿ ಎಮ್ಮೆ ಕಾಯಲು ಒಬ್ಬರು ಬೇಕು ಅಂತ ಅಪ್ಪ ಸಾಲಿ ಬಿಡಿಸಿದ. ಎಮ್ಮೆ ಸತ್ತ ಮೇಲೂ ಯಾರೂ ನನ್ನನ್ನು ತಿರುಗಿ ಸಾಲಿಗೆ ಕಳಿಸಲಿಲ್ಲ. ಹೀಗಿರುವಾಗ ಲಿನಕ್ಸ್ ಅಂದರೇನು ಅಂತ ನನ್ನನ್ನು ಕೇಳಬೇಡಿ. ಅದು ನಮ್ಮ ಮನೆಗೆ ಬಂತು, ತಮ್ಮನ ತಲೆ ತಿಂತು, ಇಷ್ಟು ಗೊತ್ತು.

ತಮ್ಮ ಮಲ್ಲಪ್ಪ ಸಿಂಧನೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಮುಂದಿನ ಪಡಸಾಲೆಯಲ್ಲಿ ಕ್ಲಾಸು, ಹಿಂದೆ ನಾವಿಬ್ಬರು. ಅವನ ಹೆಂಡತಿ ತೀರಿಕೊಂಡಿದ್ದಳು, ನನ್ನ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಉಳಿದವರು ಸೇರಿ ಒಂದು ಒಲೆ ಹಚ್ಚಿಕೊಂಡಿದ್ದೆವು. ಒಂದು ಕಾಲಕ್ಕೆ ಆ ಮಷೀನುಗಳ ಟಕಟಕಕ್ಕೆ ಸರಿಯಾಗಿ ನಾನು ರೊಟ್ಟಿ ಬಡಿಯುತ್ತಿದ್ದೆ. ಆಮೇಲೆ ಊರಿಗೆ ಕಂಪ್ಯೂಟರು ಬಂತು. ಒಂದೊಂದೇ ಮಷೀನು ಬಾಯಿ ಮುಚ್ಚಿತು. ಕೊನೆಗೆ ನನ್ನ ರೊಟ್ಟಿ ಸಪ್ಪಳ ಒಂದೇ ಉಳಿಯಿತು. ಎದುರಿಗೇ ಯಾರೋ ಹೊಸ ಕಂಪ್ಯೂಟರ್ ಸೆಂಟರ್ ತೆರೆದು, ಬಣ್ಣದ ಬೋರ್ಡು ಹಾಕಿ, ನಮ್ಮ ಮಕ್ಕಳನ್ನೆಲ್ಲ ಎಳೆದುಕೊಂಡರು.

ಮಲ್ಲಪ್ಪನೂ ಒಂದು ಕಂಪ್ಯೂಟರು ತಂದ. ಜೋಡಿಸಲು ಬಂದವನು, "ವಿಂಡೋಸ್ ಕಾಪಿ ಹಾಕ್ತೀನ್ರೀ ಸರ, ಎಲ್ಲಾರೂ ಅದನ್ನ ಹಾಕ್ಕೋತಾರ" ಅಂದ. "ಕಳುವಿನ ಮಾಲು ನನ್ನ ಕ್ಲಾಸಿನ್ಯಾಗ ಬ್ಯಾಡ" ಅಂದ ಮಲ್ಲಪ್ಪ. ಆ ಮಾತಿಗೆ ಬಂದವನು ನಕ್ಕು ಹೋದ. ಕಂಪ್ಯೂಟರಿನ ಪತ್ರಿಕೆಯೊಂದರ ಜೊತೆ ಪುಕ್ಕಟೆಯಾಗಿ ಒಂದು ಸಿ.ಡಿ. ಬಂದಿತ್ತು, ಅದರೊಳಗೆ ವಿಂಡೋಸಿನ ಬದಲು ಕಂಪ್ಯೂಟರು ನಡೆಸುವ ಈ ಲಿನಕ್ಸು. ಪುಕ್ಕಟೆ ಬಂದದ್ದು ರೊಕ್ಕ ಕೇಳುವುದಿಲ್ಲ, ಇಡೀ ಮನುಷ್ಯನನ್ನೇ ಕೇಳುತ್ತದೆ. ಮಲ್ಲಪ್ಪ ಕರಿ ಪರದೆಯ ಮುಂದೆ ಕೂತರೆ ಸಾರು ಆರಿ, ರೊಟ್ಟಿ ಒಣಗಿ, ನಾನು ಬೈದು ಸುಸ್ತಾಗುವವರೆಗೆ ಏಳುತ್ತಿರಲಿಲ್ಲ.

ಅವನಿಗೆ ಅವಸರವೂ ಇತ್ತು. ಜವಳಗೇರಾದ ಕೆಲವು ರೈತರು ಬಂದು, "ಇಂಟರ್ನೆಟ್ ತೋರಸ್ರಿ ಸರ, ನಮ್ಮ ಹುಡುಗರನ್ನೆಲ್ಲ ನಿಮ್ಮಲ್ಲೇ ಹಾಕ್ತೀವಿ" ಅಂದಿದ್ದರು. ಅವರಲ್ಲಿ ಹಿರಿಯನಾದ ಅಮರೇಗೌಡ ಕೇಳಿದ್ದು ಒಂದೇ ಮಾತು: "ಕಾಲುವಿಗೆ ನೀರು ಯಾವಾಗ ಬಿಡ್ತಾರಂತ ಅದರಾಗ ಬರತೈತೇನ್ರಿ?" ಮಲ್ಲಪ್ಪ, "ಎಲ್ಲಾ ಬರತೈತ್ರಿ ಗೌಡ್ರ, ಸೋಮವಾರ ಬರ್ರಿ" ಅಂದುಬಿಟ್ಟ. ಆ ಹುಡುಗರು ಬಂದರೆ ಕ್ಲಾಸು ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ಇದು ಅವನಿಗೂ ಗೊತ್ತು, ನನಗೂ ಗೊತ್ತು, ಎದುರಿನ ಬೋರ್ಡಿನವನಿಗೂ ಗೊತ್ತು.

ಇಂಟರ್ನೆಟ್ ಬರಬೇಕಾದರೆ ಮೋಡೆಮ್ ಬೇಕು. ಫೋನಿನ ತಂತಿಗೂ ಕಂಪ್ಯೂಟರಿಗೂ ಬೀಗತನ ಮಾಡಿಸುವ ಸಾಮಾನು ಅದು. ಎಲ್ಲ ಬೀಗತನದ ಹಾಗೆ ಇಲ್ಲೂ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ಮೊದಲು ತಂದದ್ದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂಡುವಂಥದು. ಲಿನಕ್ಸಿಗೆ ಅದು ಕಾಣಲೇ ಇಲ್ಲ. "ಒಳಗ ಐತಿ ಯಕ್ಕಾ, ಆದ್ರ ಇಲ್ಲ ಅಂತೈತಿ" ಅಂದ. "ನನ್ನ ಗಂಡನೂ ಹಂಗ ಇದ್ದ ಬಿಡು" ಅಂದೆ. ಅವನು ನಗಲಿಲ್ಲ. ಆಮೇಲೆ ರಾಯಚೂರಿನಿಂದ ಹೊರಗೆ ಇಡುವಂಥ, ಕೆಂಪು ದೀಪದ ಡಬ್ಬಿ ತಂದ. ಅದು ಕಂಡಿತು, ಆದರೆ ಡಯಲ್ ಟೋನ್ ಇಲ್ಲ ಅಂತ ಹಟ ಹಿಡಿಯಿತು. ಕಿವಿ ಮಂದವಾದ ನನಗೆ ಆ ಗುಂಯ್ ಸಪ್ಪಳ ಕೇಳುತ್ತದೆ, ಅದಕ್ಕೆ ಕೇಳುವುದಿಲ್ಲ! ದಪ್ಪನೆಯ ಇಂಗ್ಲಿಷ್ ಪುಸ್ತಕದಲ್ಲಿ ತಲೆ ಹುಗಿದು ಮಲ್ಲಪ್ಪ ಕಂಡುಹಿಡಿದ. ಟೋನಿಗೆ ಕಾಯಬೇಡ ಅಂತ ಅದಕ್ಕೆ ಮೊದಲೇ ಹೇಳಬೇಕಂತೆ. ನಮ್ಮೂರ ಎಕ್ಸ್‌ಚೇಂಜು ಹಳೆಯದು, ನಂಬರನ್ನು ಕಟಕಟ ಅಂತ ಕುಟ್ಟಬೇಕಂತೆ. ಹಾಗೆ ಮಾಡಿದ ಮೇಲೆ ಡಬ್ಬಿ, ತಗಡಿನೊಳಗೆ ನರಿ ಸಿಕ್ಕಂತೆ ಕೂಗಿತು. "ಕೂಡ್ತು ಯಕ್ಕಾ!" ಅಂತ ಓಡಿ ಬಂದ. ತಿರುಗಿ ಹೋಗಿ ನೋಡುವಷ್ಟರಲ್ಲಿ ಕಡಿದುಹೋಗಿತ್ತು.

ಆಮೇಲೆ ಇದೇ ಆಯಿತು. ಕೂಡುವುದು, ಕಡಿಯುವುದು. ಮಲ್ಲಪ್ಪ ಗಾಳಿಯನ್ನು ಬೈದ, ಕಂಬದ ಮೇಲಿನ ಕಾಗೆಯನ್ನು ಬೈದ, ಕೊನೆಗೆ ತನ್ನನ್ನೇ ಬೈದುಕೊಂಡ. ಊಟ ಕಡಿಮೆ ಮಾಡಿದ. ಅಂಗಿ ಹೆಗಲಿನಿಂದ ಜಾರತೊಡಗಿತು.

ಇಲ್ಲಿ ನಮ್ಮ ಫೋನಿನ ಸುದ್ದಿ ಹೇಳಬೇಕು. ಎದುರಿನ ಸೆಂಟರು ಬಿಟ್ಟರೆ ಓಣಿಯ ಮನೆಗಳಿಗೆಲ್ಲ ನಮ್ಮದೊಂದೇ ಫೋನು. ಎಲ್ಲರೂ ತಮ್ಮ ಬೀಗರಿಗೆ ನಮ್ಮ ನಂಬರು ಕೊಟ್ಟು ಪಕ್ಕದಲ್ಲಿ ಪಿ.ಪಿ., ಅಂದರೆ ಕರೆದು ಕೊಡುವ ಫೋನು, ಅಂತ ಬರೆಸುತ್ತಿದ್ದರು. ಗಂಡು ಹುಡುಗರು ತುಂಬಿದ ಕ್ಲಾಸಿನೊಳಗೆ ಹೆಂಗಸರು ಬರಲು ನಾಚುತ್ತಾರೆ ಅಂತ ಅದೇ ತಂತಿಗೆ ಇನ್ನೊಂದು ಫೋನನ್ನು ಅಡುಗೆಮನೆಯಲ್ಲಿ ಇಡಿಸಿದ್ದೆ. ಹಿತ್ತಲ ಬಾಗಿಲಿನಿಂದ ಬಂದು, ಮಾತಾಡಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋಗುತ್ತಿದ್ದರು. ಆ ಫೋನಿನಲ್ಲಿ ಒಳ್ಳೆಯ ಸುದ್ದಿ ಬಂದದ್ದು ಕಡಿಮೆ.

ಒಂದು ಮಧ್ಯಾಹ್ನ ಅಕ್ಕಿ ಕೇರುತ್ತಿದ್ದೆ. ಪಕ್ಕದ ಮನೆಯ ಗಂಗಮ್ಮ ಬಂದು ಫೋನು ಎತ್ತಿ ಕಿವಿಗೆ ಹಿಡಿದಳು. ಮುಂದಿನ ಪಡಸಾಲೆಯಲ್ಲಿ ಮಲ್ಲಪ್ಪ, "ಹೋತಲ್ಲೋ ಶಿವನೇ!" ಅಂತ ಚೀರಿದ.

"ಏನಬೇ ಗಂಗಮ್ಮ, ಯಾರಿಗೆ ಹಚ್ಚಾಕತ್ತೀ?"

"ಯಾರಿಗೂ ಇಲ್ಲ ಯಕ್ಕಾ. ಜೀವ ಐತೋ ಇಲ್ಲೋ ನೋಡಿದೆ. ನೀಲಿಗೆ ದಿನ ತುಂಬ್ಯಾವ, ಲಿಂಗಸುಗೂರಿಂದ ಫೋನು ಬರಬೇಕು. ಈಗೀಗ ಎತ್ತಿದ್ರ ಒಳಗ ಯಾರೋ ಹಲ್ಲು ಕಡದಂಗ ಸಪ್ಪಳ."

ನೀಲಮ್ಮ ಅವಳ ಮಗಳು, ಮೂರನೆಯ ಹೆರಿಗೆ, ಗಂಡನ ಮನೆಯಲ್ಲೇ ಇದ್ದಳು. ಆಗಿನ ಫೋನುಗಳು ಹೇಳದೆ ಕೇಳದೆ ಸಾಯುತ್ತಿದ್ದವು. ಕರೆ ಕಾಯುವವರು ಹೋಗಿ ಬಂದು ಎತ್ತಿ ನೋಡುವುದು ನಮ್ಮ ಓಣಿಯ ವಾಡಿಕೆ. ಒಳಗಿನ ಫೋನು ಎತ್ತಿದರೆ ಹೊರಗಿನ ಇಂಟರ್ನೆಟ್ ಸಾಯುತ್ತದೆ ಅಂತ ಆಗ ನನಗೆ ಹೊಳೆಯಿತು. "ಇನ್ನ ಮುಟ್ಟಬ್ಯಾಡ. ಬಂದ್ರ ನಾನ ಕರೀತೀನಿ" ಅಂದೆ. ಗಂಗಮ್ಮ ಮುಖ ಸಣ್ಣದು ಮಾಡಿಕೊಂಡು ಹೋದಳು.

ಅಂದಿನಿಂದ ಲೈನು ಕಡಿಯಲಿಲ್ಲ. ಆ ದಿನವೇ ಮಲ್ಲಪ್ಪ ಲಿನಕ್ಸಿನೊಳಗೆ ಯಾವುದೋ ಒಂದು ಸಾಲು ತಿದ್ದಿದ್ದನಂತೆ. "ನನ್ನ ತಿದ್ದುಪಡಿ ಹಿಡೀತು ಯಕ್ಕಾ" ಅಂತ ಡಬ್ಬಿಗೆ ವಿಭೂತಿ ಹಚ್ಚಿ, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ. ಅವನು ಉಣ್ಣುವುದನ್ನು ನೋಡಿ ನಾನು ಬಾಯಿ ಬಿಡಲಿಲ್ಲ.

ಸೋಮವಾರ ಮುಂಜಾನೆಯೇ ಜವಳಗೇರಾದ ಗೌಡರು ಬಂದರು. ಬೆಂಚು ತುಂಬಿತು. ಡಬ್ಬಿ ಕೂಗಿತು, ಕೂಡಿತು. ಮಲ್ಲಪ್ಪ ಅವರಿಗೆ ಅಣೆಕಟ್ಟೆಯ ಚಿತ್ರ ತೋರಿಸಲು ಹೊರಟಿದ್ದ. ಚಿತ್ರ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಚಹಾ ಕೊಡಲು ಹೋದಾಗ ನೋಡಿದೆ: ಆಕಾಶ ಬಂದಿತ್ತು, ಗುಡ್ಡ ಬರುತ್ತಿತ್ತು.

ತಿರುಗಿ ಒಳಗೆ ಬಂದರೆ ಗಂಗಮ್ಮ ಫೋನಿನ ಮುಂದೆ ನೆಲದ ಮೇಲೆ ಕೂತಿದ್ದಳು. ಮುಟ್ಟಿರಲಿಲ್ಲ. ಸೆರಗು ಬಾಯಲ್ಲಿ ತುರುಕಿಕೊಂಡಿದ್ದಳು. "ಬಸ್ಸಿಗೆ ಬಂದೋರು ಹೇಳಿದ್ರು ಯಕ್ಕಾ. ನಿನ್ನೆ ಸಂಜಿಕನ ದವಾಖಾನಿಗೆ ಒಯ್ದಾರಂತ. ಫೋನ್ಯಾಕ ಬರವಲ್ದು?"

ಯಾಕೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಮುಂಜಾನೆಯಿಂದ ಆ ತಂತಿಯಲ್ಲಿ ಆಕಾಶ, ಗುಡ್ಡ ಬರುತ್ತಿದ್ದವು. ಹೆಚ್ಚು ವಿಚಾರ ಮಾಡಲಿಲ್ಲ. ಎತ್ತಿದೆ. ಕಾದ ಎಣ್ಣೆಗೆ ನೀರು ಬಿದ್ದಂತೆ ಕಿವಿಯೊಳಗೆ ಸಿಡಿದು, ಸುಮ್ಮನಾಯಿತು. ಇಟ್ಟೆ. ಇಟ್ಟ ಸ್ವಲ್ಪ ಹೊತ್ತಿಗೇ ಗಂಟೆ ಬಾರಿಸಿತು. ನೀಲಮ್ಮನ ಮಾವ. "ಮುಂಜಾನಿಂದ ಹಚ್ಚಾಕತ್ತೀನ್ರೀ, ಬರೇ ಎಂಗೇಜು! ಕೂಸು ಉಳೀಲಿಲ್ಲ. ನೀಲಮ್ಮಗ ರಕ್ತ ನಿಂದರವಲ್ದು, ಅವ್ವ ಅವ್ವ ಅನ್ನಾಕತ್ತಾಳ. ಜಲ್ದಿ ಕಳಸ್ರಿ."

ಗಂಗಮ್ಮನನ್ನು ಬಸ್ಸಿಗೆ ಹತ್ತಿಸಿ ಬಂದೆ. ನೀಲಮ್ಮ ಬದುಕಿದಳು. ನಾನು ಫೋನು ಎತ್ತಿದ್ದರಿಂದ ಬದುಕಿದಳು ಅಂತ ಹೇಳುವುದಿಲ್ಲ; ಅವಳು ಬದುಕುವವಳಿದ್ದಳು, ಬದುಕಿದಳು.

ಪಡಸಾಲೆಯಲ್ಲಿ ಪರದೆಯ ಮೇಲೆ ಅಣೆಕಟ್ಟೆಯ ಗೋಡೆಯವರೆಗೆ ಬಂದು ಚಿತ್ರ ನಿಂತಿತ್ತು, ಕೆಳಗಿನ ನೀರು ಬಂದೇ ಇರಲಿಲ್ಲ. ಗೌಡರು ಎದ್ದು ಹೋಗಿದ್ದರು. ಹೋಗುವಾಗ ಅಮರೇಗೌಡ, "ಇಲ್ಲೀಗೂ ನೀರು ಮುಟ್ಟಲಿಲ್ಲ ನೋಡ್ರಿ ಸರ" ಅಂದನಂತೆ. ಎದುರಿನ ಬೋರ್ಡಿನ ಕೆಳಗೆ ಅವರ ಚಪ್ಪಲಿ ಸಾಲಾಗಿ ಕಾಣುತ್ತಿದ್ದವು.

"ಯಾರು ಎತ್ತಿದ್ರು ಯಕ್ಕಾ?"

"ನಾನ ಎತ್ತೀನಿ. ಎತ್ತೋದಿತ್ತು."

ಸುದ್ದಿ ಹೇಳಿದೆ. ಅವನು ತಲೆ ಆಡಿಸಿದ, ಸಿಟ್ಟು ಮಾಡಲಿಲ್ಲ. "ಹೋಗ್ಲಿ ಬಿಡು. ಕ್ಲಾಸು ಹೋದ್ರೂ ಲಿನಕ್ಸಿನ್ಯಾಗ ಲೈನು ನಿಂದರಿಸಿದೆನಲ್ಲ, ಅದಾದ್ರೂ ಉಳೀತು" ಅಂದ. ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರು.

"ನೀ ನಿಂದರಿಸಲಿಲ್ಲೋ ಮಲ್ಲು. ಮೊದಲಿಂದ ಕಡದಾಕಿ ಗಂಗಮ್ಮ. ಎತ್ತಬ್ಯಾಡ ಅಂದೆ, ಕಡಿಯೋದು ನಿಂತಿತು" ಅಂದೆ.

ಅವನು ನನ್ನ ಮುಖ ನೋಡಿದ. ಗೌಡರು ಎದ್ದು ಹೋದಾಗಲೂ ಹಾಗೆ ನೋಡಿರಲಿಕ್ಕಿಲ್ಲ. ಡಬ್ಬಿಯ ವಿಭೂತಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿ, ಬಟ್ಟೆ ಹೊಚ್ಚಿ, ಉಣ್ಣದೆ ಮಲಗಿದ. ನಿಜ ಹೇಳುವುದಕ್ಕೂ ಹೊತ್ತು ಗೊತ್ತು ಇರುತ್ತದಂತೆ. ಎರಡನೇ ಜಮಾತಿನವರೆಗೆ ಅದನ್ನು ಕಲಿಸುವುದಿಲ್ಲ.

ಮರುದಿನ ಮುಂಜಾನೆ ರೊಟ್ಟಿ ಬಡಿದು, ಅವನ ಪಾಲು ಮುಚ್ಚಿಟ್ಟು, ಅವನ ಮುಖ ನೋಡಲಾರದೆ ಮೊದಲನೇ ಬಸ್ಸಿಗೆ ಮಸ್ಕಿಯ ತಂಗಿ ಮನೆಗೆ ಹೋದೆ. ಅವನು ತಿರುಗಿ ಕರೆಯೋಣವೆಂದರೂ ಅವರ ಮನೆಯಲ್ಲಿ ಫೋನಿರಲಿಲ್ಲ.