ಆಷಾಢಕ್ಕೆ ಕಾದ ಷಡ್ಡಕರು

ಜರ್ಮನಿಯ ಪೌರತ್ವ ಕಾನೂನಿನ ಚರಿತ್ರೆಯನ್ನು ನನ್ನ ಷಡ್ಡಕರಷ್ಟು ಬಲ್ಲವರು ಆ ದೇಶದ ಸಂಸತ್ತಿನಲ್ಲೂ ಇರಲಾರರು. ಅದರಿಂದ ಅವರಷ್ಟು ಕಡಿಮೆ ಪ್ರಯೋಜನ ಪಡೆದವರು ಭೂಮಂಡಲದಲ್ಲೇ ಇರಲಾರರು! ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹೆಸರು ಬೇಡ. ಹೆಸರು ಹಾಕಿ ಬರೆದರೆ ಅತ್ತಿಗೆಯ ಮನೆಯ ಭಾನುವಾರದ ಬಿಸಿಬೇಳೆಬಾತು ನನ್ನ ಪಾಲಿಗೆ ನಿಂತುಹೋಗುತ್ತದೆ. ಹರ್ಟ್ಸೋಗೆನಾವ್‌ರಾಕ್‌ನಂಥ ಸಣ್ಣ ಊರಿನಲ್ಲಿ ಬಿಸಿಬೇಳೆಬಾತಿಗೆ ತಟ್ಟಲು ಎರಡನೆಯ ಬಾಗಿಲಿಲ್ಲ.

ಈ ಮಹನೀಯರು ಇಲ್ಲಿ ಇಪ್ಪತ್ತೈದು ವರ್ಷ ಕಳೆದರೂ ಪೌರತ್ವಕ್ಕೆ ಅರ್ಜಿ ಹಾಕಿರಲಿಲ್ಲ. ಸೋಮಾರಿತನವೇ? ಛೆ, ಬಸ್ಸು ಬರುವ ಹತ್ತು ನಿಮಿಷ ಮೊದಲೇ ನಿಲ್ದಾಣದಲ್ಲಿ ನಿಂತು, ಬಸ್ಸನ್ನೇ ತಡವಾಯಿತೆಂದು ನಾಚಿಸುವ ಪೈಕಿ ಅವರು. ಭಾರತದ ಪಾಸ್‌ಪೋರ್ಟು ಬಿಟ್ಟುಕೊಡಲಾರದ ಸಂಕಟವೇ? ಅದನ್ನೂ ಕೇಳಿ ನೋಡಿದೆ. “ಪಾಸ್‌ಪೋರ್ಟು ಬಿಟ್ರೆ ಮೈಸೂರು ಬಿಟ್ಟು ಹೋಗುತ್ತೇನಯ್ಯಾ?” ಎಂದುಬಿಟ್ಟರು. ನಿಜವಾದ ಕಾರಣ ಬೇರೆ. ಅವರು ಆಷಾಢ ಮಾಸದ ರಿಯಾಯಿತಿಗೆ ಕಾಯುತ್ತಿದ್ದರು!

ನಗಬೇಡಿ. ಅವರ ತಂದೆ ಮೈಸೂರಿನ ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಸೀರೆ ಮಡಿಸಿದವರು. ಆ ಮನೆಯಲ್ಲಿ ಪಂಚಮಹಾಪಾತಕಗಳ ಪಕ್ಕದಲ್ಲಿ ಆರನೆಯದೊಂದಿತ್ತು: ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದು. ಶ್ರಾವಣದಲ್ಲಿ ನಡೆದ ತಮ್ಮ ಮದುವೆಯ ಧಾರೆ ಸೀರೆಯನ್ನೂ ಇವರು ಆಷಾಢದಲ್ಲೇ ಕೊಳ್ಳಿಸಿದರಂತೆ. ಅಶುಭವೆಂದು ನಮ್ಮ ಅತ್ತೆ ಎರಡು ದಿನ ಊಟ ಬಿಟ್ಟರಂತೆ. ಸೀರೆಯ ಜರಿ ಮಾತ್ರ ಇವತ್ತಿಗೂ ಕಪ್ಪಾಗಿಲ್ಲ. ಇದನ್ನು ಅವರು ವರ್ಷಕ್ಕೊಮ್ಮೆಯಾದರೂ ತೆಗೆದು ತೋರಿಸುತ್ತಾರೆ.

ಅವರ ಪಾಲಿಗೆ ಜರ್ಮನಿಯ ಕಾನೂನೂ ಒಂದು ಸೀರೆ ಅಂಗಡಿಯೇ. ನನ್ನ ಪೌರತ್ವದ ಅರ್ಜಿ ಕೊಡಲು ಜಿಲ್ಲಾ ಕಚೇರಿಗೆ ಹೋದಾಗ ಅವರೂ ಜೊತೆಗೆ ಬಂದಿದ್ದರು. ಬರದೆ ಇರುತ್ತಾರೆಯೇ! ಊರಿನ ಕನ್ನಡಿಗರಲ್ಲಿ ಯಾರು ಆ ಕಚೇರಿಗೆ ಹೊರಟರೂ ಇವರು ರಜೆ ಹಾಕಿ ಹಿಂದೆ ನಡೆಯುತ್ತಾರೆ. ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ, ಕಂಕುಳಲ್ಲಿ ನಮ್ಮ ಕಾಗದಗಳ ಮೂರು ಪ್ರತಿ. ಕಾಯುವ ಕೋಣೆಯಲ್ಲಿ ಕೂತೊಡನೆ ಪುರಾಣ ಶುರು.

“ಮೊದಲು ಇಲ್ಲಿ ರಕ್ತ ಒಂದೇ ಲೆಕ್ಕ ಕಣಯ್ಯಾ. ಅಪ್ಪ ಜರ್ಮನ್ ಆದ್ರೆ ಮಗ ಜರ್ಮನ್. ಕೈಸರ್ ಕಾಲದ ಕಾನೂನು. ಆಮೇಲೆ ಟರ್ಕಿ ಜನಾನ ಫ್ಯಾಕ್ಟರಿ ಕೆಲಸಕ್ಕೆ ಕರೆದ್ರು, ಅತಿಥಿಗಳು ಅಂತ. ಅತಿಥಿ ತಾನಾಗೇ ಎದ್ದು ಹೋಗ್ತಾನೆ ಅಂದ್ಕೊಂಡ್ರು! ಮದುವೆ ಮನೆ ಅತಿಥೀನೇ ಬೀಗರೂಟ ಮುಗೀದೆ ಹೋಗಲ್ಲ, ಫ್ಯಾಕ್ಟರಿ ಕಟ್ಟಿದೋನು ಹೋಗ್ತಾನಾ?”

“ಆಮೇಲೆ ಭಾವ?”

“ಆಮೇಲೆ ನಾನು ಬಂದೆ.” ಇತಿಹಾಸದ ಎರಡನೆಯ ಕಾಂಡ ಆರಂಭವಾದ ಗಾಂಭೀರ್ಯ ಅದು! “ಕಂಪ್ಯೂಟರ್ ಕೆಲಸಕ್ಕೆ ಐದೇ ವರ್ಷ ಅಂತ ಕರೆದ್ರು. ಆಗ ಚುನಾವಣೆಗೆ ನಿಂತಿದ್ದೋರೊಬ್ಬರು ಘೋಷಣೆ ಹಾಕಿದ್ರು, ಇಂಡಿಯನ್ನರ ಬದಲು ಮಕ್ಕಳು ಬೇಕು ಅಂತ. ನಾನು ಎರಡನ್ನೂ ಸಪ್ಲೈ ಮಾಡ್ದೆ.”

ಕೋಣೆಯೊಳಗೆ ಹೋದಾಗ ಅಧಿಕಾರಿಣಿ ಒಂದು ಕಾಗದ ಕಡಿಮೆ ಎಂದರು. ಇವರು ಅವರಿಗೇ ಅವರ ಕಾನೂನಿನ ಕಲಮನ್ನು ಹೇಳಿಕೊಟ್ಟು, ಆ ಕಾಗದ ಬೇಡವೆಂದು ಒಪ್ಪಿಸಿದರು. ಇವರನ್ನು ನನ್ನ ವಕೀಲರೆಂದೇ ತಿಳಿದಿದ್ದ ಆ ಹೆಂಗಸು, “ತಾವು ಜರ್ಮನ್ ಪ್ರಜೆಯಾದದ್ದು ಯಾವಾಗ?” ಎಂದು ಗೌರವದಿಂದ ಕೇಳಿದರು. “ನಾನೇ? ನಾನು ವಿದೇಶಿ,” ಎಂದು ಷಡ್ಡಕರು ಉಪ್ಪಿಟ್ಟಿನ ಡಬ್ಬಿ ಎತ್ತಿಕೊಂಡರು.

ಹೊರಗೆ ಬಂದು ನಾನು ಕೇಳಿದೆ: “ನೀವ್ಯಾಕೆ ಹಾಕಲ್ಲ ಭಾವ?”

“ಮೊದಲು ಹದಿನೈದು ವರ್ಷ ಇಲ್ಲಿರಬೇಕು ಅಂತಿತ್ತು. ಎಂಟಕ್ಕಿಳೀತು. ಭಾಷೆ ಕೋರ್ಸ್ ಮಾಡಿದೋರಿಗೆ ಏಳು. ಇಳೀತಾ ಇರೋವಾಗ ಯಾರಾದ್ರೂ ಕೊಂಡ್ಕೋತಾರೇನಯ್ಯಾ?”

“ನೀವು ಬಂದು ಯಾವ ಕಾಲವಾಯ್ತು! ನಿಮಗೆ ಏಳಾದರೇನು, ಎಂಟಾದರೇನು?”

“ಪ್ರಿನ್ಸಿಪಲ್ಲು ಕಣಯ್ಯಾ!”

ಪ್ರಿನ್ಸಿಪಲ್ಲಿನ ಫಲವನ್ನು ಉಣ್ಣುತ್ತಿದ್ದವರು ಮನೆಯವರು. ಅತ್ತಿಗೆ ಕಾದು ಕಾದು ಸಾಕಾಗಿ, ಮಗಳು ಒಂಬತ್ತು ವರ್ಷದವಳಿದ್ದಾಗಲೇ ಅವಳನ್ನೂ ಸೇರಿಸಿ ತಾವು ಅರ್ಜಿ ಹಾಕಿ ಪೌರತ್ವ ಪಡೆದಿದ್ದರು. ಅಲ್ಲಿಂದ ಆ ಮನೆಯಲ್ಲಿ ಇಬ್ಬರು ಜರ್ಮನರು, ಒಬ್ಬರು ಪರದೇಶಿ. ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ತಾಯಿ ಮಗಳು ಒಂದು ಸಾಲಿನಲ್ಲಿ ಸರ್ರನೆ ದಾಟಿ, ಪೆಟ್ಟಿಗೆಗಳನ್ನೆಲ್ಲ ಎತ್ತಿಕೊಂಡು, ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಇವರು ಇನ್ನೊಂದು ಸಾಲಿನಿಂದ ಹೊರಬೀಳುತ್ತಿದ್ದರು. “ಯಾಕಿಷ್ಟು ಹೊತ್ತು?” ಎಂದು, ಅವರೇ ತಡಮಾಡಿದಂತೆ, ಇವರೇ ಕೇಳುತ್ತಿದ್ದರು! ಅತ್ತಿಗೆ ಮುಖ ತಿರುಗಿಸುತ್ತಿದ್ದರು: “ಗುರುತಿಲ್ಲದ ವಿದೇಶೀಯರ ಹತ್ರ ನಾವು ಮಾತಾಡಲ್ಲ.”

ಚುನಾವಣೆಯ ಭಾನುವಾರಗಳಂದು ನೋಡಬೇಕಿತ್ತು. ತಾಯಿ ಮಗಳು ಮತ ಹಾಕಲು ಶಾಲೆಯ ಒಳಗೆ. ಇವರು ಹೊರಗೆ ಇಬ್ಬರ ಕೋಟು, ಕೊಡೆ, ಕೈಚೀಲಗಳನ್ನು ಹಿಡಿದು, ದೇವಸ್ಥಾನದ ಮುಂದೆ ಚಪ್ಪಲಿ ಕಾಯುವವರಂತೆ. ಹೋದ ಸಲ ಅವರು ನಿಂತಿದ್ದ ಕಂಬದ ಮೇಲೇ ವಿದೇಶೀಯರನ್ನು ವಾಪಸು ಕಳಿಸುತ್ತೇವೆಂಬ ಪಕ್ಷದ ಭಿತ್ತಿಪತ್ರ. ಇವರು ಅದರ ಕೆಳಗೇ ನಿಂತು, ಅದರಲ್ಲಿದ್ದ ಕಾನೂನಿನ ತಪ್ಪೊಂದನ್ನು ದಾರಿಹೋಕರಿಗೆ ತೋರಿಸುತ್ತಿದ್ದರು. ಹೊರಗೆ ಬಂದ ಮಗಳಿಗೆ ನಗು ಬರಲಿಲ್ಲ. ಈಗ ಇಪ್ಪತ್ತು ವರ್ಷದ ಆ ಹುಡುಗಿ ದೂರದ ಆಖೆನ್ ನಗರದಲ್ಲಿ ಎಂಜಿನಿಯರಿಂಗ್ ಓದುತ್ತಾಳೆ.

“ಅಪ್ಪ, ಅವ್ರು ಗೆದ್ದು ರೂಲ್ ಚೇಂಜ್ ಮಾಡಿದ್ರೆ? ಅಮ್ಮ, ನಾನು ಸೇಫ್. ನೀನು?”

“ನಂಗೆ ಪರ್ಮನೆಂಟ್ ಪರ್ಮಿಟ್ ಇದೆಯಲ್ಲೇ.”

“ಪರ್ಮಿಟ್ ಅಂದ್ರೆ ಪರ್ಮಿಷನ್ ಅಪ್ಪ. ಕೊಟ್ಟೋರು ವಾಪಸ್ ತಗೋಬಹುದು.”

ಕಾನೂನು ಪಂಡಿತರು ಕೊಡೆ ಬಿಚ್ಚಿದರು, ಮಳೆ ಇರಲಿಲ್ಲ.

ಅಷ್ಟು ಹೊತ್ತಿಗೆ ಪೌರತ್ವಕ್ಕೆ ಬೇಕಾದ ಎಂಟು ವರ್ಷ ಹೋಗಿ ಐದಾಗಿತ್ತು. ಚೆನ್ನಾಗಿ ಬೆರೆತವರಿಗೆ ಮೂರೇ ವರ್ಷ ಸಾಕೆಂದೂ ಬಂದಿತ್ತು. “ನೋಡ್ದ್ಯಾ! ಇನ್ನೂ ಇಳಿಯುತ್ತೆ!” ಎಂದು ಷಡ್ಡಕರು ಕುಣಿದಾಡಿದ್ದರು. “ಸೊನ್ನೆ ಆಗೋವರೆಗೂ ಕಾಯ್ತೀಯಾ?” ಎಂದು ಮಗಳು ರೇಗಿದ್ದಳು. “ಸೊನ್ನೆ ಆದ್ರೆ ಅವರೇ ಮನೆಗೆ ತಂದು ಕೊಡ್ತಾರೆ!”

ಆಮೇಲೊಂದು ದಿನ ಹೊಸ ಸರ್ಕಾರ ಮೂರು ವರ್ಷದ ಆ ಸವಲತ್ತನ್ನು ತೆಗೆದುಹಾಕಿತು. ಆ ವಾರದ ಭಾನುವಾರ ಷಡ್ಡಕರು ಬಿಸಿಬೇಳೆಬಾತನ್ನು ಮುಟ್ಟಲಿಲ್ಲ.

“ಅದು ನಿಮ್ಮ ಅಳತೇದೇ ಅಲ್ಲವಲ್ಲ ಭಾವ? ನಿಮಗೇನಾಗಬೇಕು?” ಎಂದೆ.

“ಅಳತೆ ಪ್ರಶ್ನೆ ಅಲ್ಲ ಕಣಯ್ಯಾ,” ಎಂದರು. “ಶಟರ್ ಎಳೆಯೋ ಸದ್ದು ಕೇಳಿಸ್ತು. ಅಂಗಡಿ ಒಳಗೆ ನನ್ನ ಹೆಂಡತಿ ಮಗಳು ಇದಾರೆ. ನಾನು ಫುಟ್‌ಪಾತ್‌ನಲ್ಲಿದೀನಿ.”

ಮರುದಿನವೇ ಅರ್ಜಿಯ ಸಿದ್ಧತೆ ಆರಂಭವಾಯಿತು. ದೇಶದ ಬಗೆಗಿನ ಪರೀಕ್ಷೆಯಲ್ಲಿ ಮೂವತ್ತಮೂರಕ್ಕೆ ಮೂವತ್ತಮೂರು. ಅದು ಹೋಗಲಿ, ಅವರ ತೊಡಕಿದ್ದದ್ದು ಭಾಷೆಯ ಪರೀಕ್ಷೆಯಲ್ಲಿ. ಆಫೀಸಿನಲ್ಲಿ ಕಾಲು ಶತಮಾನ ಇಂಗ್ಲಿಷಿನಲ್ಲೇ ಕಳೆದ ಮನುಷ್ಯ. ಕಚೇರಿಗಳಲ್ಲಿ ಬಳಸುವ ಗಜ ಉದ್ದದ ಪದಗಳೆಲ್ಲ ಬಾಯಿಪಾಠ, ಆದರೆ ಬೇಕರಿಯಲ್ಲಿ ಎರಡು ಬನ್ನು ಬೇಕೆಂದರೆ ಬೆರಳು ತೋರಿಸುವ ಗತಿ! ಬಾಯಿಮಾತಿನ ಪರೀಕ್ಷೆಗೆ ಮಗಳೇ ಗುರುವಾದಳು. ದಿನವೂ ಸಂಜೆ ಆಖೆನ್‌ನಿಂದ ವಿಡಿಯೋ ಕಾಲ್. ಅವಳು ಜರ್ಮನ್‌ನಲ್ಲಿ ಕೇಳುವುದು, ಇವರು ಕನ್ನಡದಲ್ಲಿ ಉತ್ತರಿಸುವುದು, ಅವಳು ಕಾಲ್ ಕಟ್ ಮಾಡುವುದು.

“ನನ್ನ ಮೇಷ್ಟ್ರೂ ಇಷ್ಟು ಸಿಡುಕ್ತಿರಲಿಲ್ಲ ಕಣೇ,” ಎಂದು ಅತ್ತಿಗೆಯ ಮುಂದೆ ದೂರು.

“ಅವರಿಗೆ ನೀವು ಪಾಸಾಗ್ಲೇಬೇಕು ಅಂತ ಇರಲಿಲ್ಲ, ಅದಕ್ಕೆ,” ಎಂದರು ಅತ್ತಿಗೆ.

ಪರೀಕ್ಷೆಯ ದಿನ ಇವರ ಜೊತೆಗೆ ಕೂರಿಸಿದ್ದು ಬ್ರೆಜಿಲ್‌ನ ಒಬ್ಬ ಯುವತಿಯನ್ನು. ಇಬ್ಬರೂ ಸೇರಿ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯನ್ನು ಯೋಜಿಸಬೇಕು, ಜರ್ಮನ್‌ನಲ್ಲಿ. ಷಡ್ಡಕರ ಬೆರಳು ಬೇಕರಿಯಲ್ಲಿದ್ದಂತೆ ತಾನಾಗಿ ಮೇಲೆದ್ದಿತು. ಅಷ್ಟರಲ್ಲಿ ಆ ಯುವತಿ, “ಹೂವನ್ನು ಶನಿವಾರ ಬೆಳಗ್ಗೆಯೇ ಕೊಂಡುಬಿಡೋಣ,” ಎಂದಳಂತೆ. ಬೆಳಗ್ಗೆಯೇ? ಪೂರ್ತಿ ಬೆಲೆಗೆ? ಅವಳ ಬಾಯಿಂದ ಆ ಮಾತು ಬಿದ್ದದ್ದೇ ತಡ, ನಮ್ಮ ಷಡ್ಡಕರ ಕಟ್ಟೆ ಒಡೆಯಿತು! ಸಂತೆ ಮುಗಿಯುವ ಹೊತ್ತಿಗೆ ಹೋದರೆ ಅರ್ಧ ಬೆಲೆ, ಮುಂಚೆ ಹೋದರೆ ಮೂರ್ಖತನ, ಸಹೋದ್ಯೋಗಿ ಹೇಗೂ ಕೆಲಸ ಬಿಟ್ಟು ಹೋಗುತ್ತಿರುವವನು, ಹೂವು ಎರಡು ದಿನ ಬಾಳಿದರೆ ಸಾಲದೇ? ಹೀಗೆ ಏಳು ನಿಮಿಷ ತಡೆಯಿಲ್ಲದ ಜರ್ಮನ್! ಪರೀಕ್ಷಕರು ಕೈ ಎತ್ತಿ ನಿಲ್ಲಿಸಬೇಕಾಯಿತಂತೆ. ಪಾಸು.

ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಮಗಳಿಂದ ದಿನವೂ ಒಂದೇ ಸಂದೇಶ: “ಬಂತಾ?” ಇವರಿಂದ ಒಂದೇ ಉತ್ತರ: “ಇಲ್ಲ.” ಕಡೆಗೆ ಹೋದ ವಾರ ಕರೆ ಬಂತು. ಅತ್ತಿಗೆಗೆ ರಜೆ ಸಿಗಲಿಲ್ಲ. ಮಗಳು ಹಿಂದಿನ ದಿನವೇ ಆಖೆನ್‌ನಿಂದ ಬಂದಳು. ಎಲ್ಲರ ಜೊತೆಗೂ ಹೋದವರ ಜೊತೆಗೆ ಯಾರಾದರೂ ಹೋಗಬೇಡವೇ ಎಂದು ನಾನೂ ರಜೆ ಹಾಕಿದೆ.

ಜಿಲ್ಲಾ ಕಚೇರಿಯಲ್ಲಿ ಷಡ್ಡಕರು ಎದ್ದು ನಿಂತು, ಈ ದೇಶದ ಸಂವಿಧಾನವನ್ನೂ ಕಾನೂನುಗಳನ್ನೂ ಗೌರವಿಸುತ್ತೇನೆಂದು ಗಟ್ಟಿಯಾಗಿ ಓದಿದರು. ಪ್ರಮಾಣಪತ್ರ ಕೈಗೆ ಬಂದೊಡನೆ ಅದನ್ನು ಮಗಳು ಕಸಿದುಕೊಂಡಳು. ಹೆಸರು, ಹುಟ್ಟಿದ ತಾರೀಖು, ಮೊಹರು, ಸಹಿ ಎಂದು ಬೆರಳಿಟ್ಟು ಎರಡು ಸಲ ನೋಡಿದಳು. ಆಮೇಲೆ ಕೋಣೆಯ ಹೊರಗೆ ಬಂದು ಮೆಟ್ಟಿಲ ಮೇಲೇ ಕೂತುಬಿಟ್ಟಳು.

“ಇನ್ನು ನಿನ್ನ ಯಾರೂ ಕಳಿಸಕ್ಕಾಗಲ್ಲ ಅಲ್ವಾ ಅಪ್ಪ?”

“ಇಲ್ಲ ಪುಟ್ಟಿ.”

“ನಾನು ಚಿಕ್ಕೋಳಿದ್ದಾಗ, ಏರ್‌ಪೋರ್ಟ್‌ನಲ್ಲಿ ನೀನು ಆ ಲೈನಿಂದ ಬರೋವರೆಗೂ ಕಾಫಿ ಶಾಪಲ್ಲಿ ಎಣಿಸ್ತಾ ಇರ್ತಿದ್ದೆ. ಸಾವಿರದೊಳಗೆ ಬಂದ್ರೆ ಬಿಟ್ಟಿದಾರೆ ಅಂತ.”

ಷಡ್ಡಕರು ಅವಳ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ, ಮೆಟ್ಟಿಲ ಮೇಲೆ ಕೂತರು. ನಾನು ಗೋಡೆಯ ಮೇಲಿನ ನೋಟೀಸೊಂದನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ. ನಾಯಿ ತೆರಿಗೆಯ ಬಗ್ಗೆ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಅಪ್ಪನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಎಷ್ಟೋ ವರ್ಷದ ಬಾಕಿ ತೀರಿಸುವಂತೆ, ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತ. ನಮ್ಮ ನಿಲ್ದಾಣ ಹತ್ತಿರ ಬಂತು. ಬಸ್ಸು ನಿಲ್ಲಿಸುವ ಗುಂಡಿ ಒತ್ತಲು ನಾನು ಕೈ ಚಾಚಿದರೆ, ಷಡ್ಡಕರು ತುಟಿಯ ಮೇಲೆ ಬೆರಳಿಟ್ಟರು.

“ಭಾವ, ನಮ್ಮ ಟಿಕೆಟ್ಟು ಇಲ್ಲಿಗೇ ಮುಗಿಯುತ್ತೆ,” ಎಂದು ಪಿಸುಗುಟ್ಟಿದೆ. “ಮುಂದೆ ಹೋದರೆ ಕಾನೂನುಬಾಹಿರ.”

“ಹೋಗ್ಲಿ ಬಿಡಯ್ಯಾ,” ಎಂದು ಅವರೂ ಪಿಸುಗುಟ್ಟಿದರು. “ಮಗು ಮಲಗಿದೆ.”

ಹೀಗೆ ನನ್ನ ಷಡ್ಡಕರು ಜರ್ಮನ್ ಪ್ರಜೆಯಾದ ಒಂದು ಗಂಟೆಯೊಳಗೆ, ಜೀವಮಾನದಲ್ಲಿ ಮೊದಲ ಬಾರಿಗೆ, ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿದರು. ಭುಜ ಮಾತ್ರ ಅಲುಗಾಡಿಸಲಿಲ್ಲ.