ಹಾವಿನ ಪುಸ್ತಕಕ್ಕೆ ನಾಲ್ಕು ಮನೆ

೧. ದಾರಿ

"ಗ್ರಂಥಾಲಯ ಎಲ್ಲಮ್ಮ?"

ಪಾಂಡವಪುರದಲ್ಲಿ ಸುತ್ತಿ ಸುತ್ತಿ ಮತ್ತೆ ಅದೇ ಹೂವಿನಾಕೆಯ ಮುಂದೆ ನಿಂತಿದ್ದೆ. ಇಸ್ತಾಂಬುಲ್ಲಿನ ಸಂದಿಗೊಂದಿಗಳಲ್ಲಿ ತಪ್ಪದ ದಾರಿ ಇಲ್ಲಿ ತಪ್ಪಿತ್ತು. ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ.

"ಅಂಗಂದ್ರೆ?"

"ಪುಸ್ತಕ ಇರ್ತವಲ್ಲ, ಪೇಪರ್ ಓದ್ತಾರಲ್ಲ..."

"ಓ, ಗಂಡಸ್ರು ನಿದ್ದೆ ಮಾಡೋ ಜಾಗ! ಮೊದ್ಲೇ ಇಂಗನ್ನಬಾರ್ದಾ? ನಿನ್ನ ಹಿಂದ್ಗಡೆನೇ ಐತಲ್ಲವ್ವ."

೨. ಒಂದೇ ಪುಸ್ತಕ

ನನ್ನ ಕೆಲಸವೂ ಇಂಥ ಹೆಸರುಗಳದ್ದೇ ಆಗಿತ್ತು: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಲೈಬ್ರರಿಗಳ ಪುಸ್ತಕಗಳನ್ನು ಹೊಸ ಕಂಪ್ಯೂಟರಿಗೆ ಏರಿಸಿ, ಒಂದು ವಿಷಯಕ್ಕೆ ಒಂದೇ ಹೆಸರಿಡುವುದು. ಕೆಲಸ ಮುಗಿದ ಮೇಲೆ ಇಲಾಖೆಯ ಸಾಹೇಬರು ಬಂದು ಖುದ್ದಾಗಿ ಹುಡುಕಿ ನೋಡುತ್ತಾರೆ. ಪುಸ್ತಕ ಸಿಗದಿದ್ದರೆ ಕಂಪ್ಯೂಟರ್ ವಾಪಸ್ಸು, ಹಿಂದೆಯೇ ನಾನೂ.

ಹಾವು ಕಡಿತದ ಪುಸ್ತಕ ನಾಲ್ಕೂ ಕಡೆ ಇತ್ತು. ಶ್ರೀರಂಗಪಟ್ಟಣದವರು ಅದನ್ನು 'ಪ್ರಾಣಿ'ಗೆ ಸೇರಿಸಿದ್ದರು, ಪಾಂಡವಪುರದವರು 'ವೈದ್ಯ'ಕ್ಕೆ. ಕೆ.ಆರ್. ಪೇಟೆಯಾಕೆ 'ಬೇಸಾಯ'ಕ್ಕೆ.

"ಬೇಸಾಯ ಯಾಕ್ರೀ?"

"ಕಬ್ಬಿನ ಗದ್ದೇಲಿ ತಾನೆ ಮೇಡಂ ಕಚ್ಚೋದು? ಆಫೀಸಿಗೆ ಬಂದು ಕಚ್ತದಾ?"

ನಾಗಮಂಗಲದ ಲೈಬ್ರರಿಯನ್ನರು 'ದೇವರು' ಎಂದು ಬರೆದಿದ್ದರು.

"ಇದ್ಯಾಕೆ ಸಾರ್?"

"ಕಚ್ಚುದ್ಮೇಲೆ ಪುಸ್ತಕ ಓದ್ಕಂಡ್ ಕೂರಾಕಾಯ್ತದಾ ಮೇಡಂ? ಆಮೇಲೆ ಅವನೇ ಗತಿ."

೩. ಪಂಥ

ನಾನು ಎಲ್ಲವನ್ನೂ ಅಳಿಸಿ 'ಉರಗಶಾಸ್ತ್ರ' ಎಂದು ಮಾಡಿದೆ. ನಾಲ್ವರೂ ಒಟ್ಟಿಗೆ ಮುಖ ಗಂಟಿಕ್ಕಿದರು.

"ನಮ್ಮ ಹೆಸ್ರೂ ಇರ್ಲಿ ಬುಡಿ ಮೇಡಂ," ಅಂದರು ನಾಗಮಂಗಲದವರು. "ಪಕ್ಕದಲ್ಲಿ 'ಉರಗಶಾಸ್ತ್ರವನ್ನೂ ನೋಡಿ' ಅಂತ ಬರುದ್ರಾಯ್ತು."

"ಹಾವಿನ ಪುಸ್ತಕ ಬೇಕಾಗಿ 'ದೇವರು' ಅಂತ ಒತ್ತೋ ಒಬ್ಬ ಮನುಷ್ಯ ಸಿಕ್ಕಲಿ, ನಾನೇ ಮುದ್ದೆ ಕಟ್ಟಿ ನಿಮಗೆ ಬಡಿಸ್ತೀನಿ!" ಅಂದೆ. ಜಗಳ ಮುಗಿದರೆ ಸಾಕೆಂದು ಹಳೆಯ ಹೆಸರುಗಳನ್ನೂ ಸೇರಿಸಿದೆ.

೪. ಪರೀಕ್ಷೆ

ಸಾಹೇಬರು ಶ್ರೀರಂಗಪಟ್ಟಣಕ್ಕೆ ಬಂದು ಕಂಪ್ಯೂಟರ್ ಮುಂದೆ ಕೂತರು.

"ಹಾವಿನ ಪುಸ್ತಕ ಹುಡುಕಿ ಸರ್. 'ಉರಗಶಾಸ್ತ್ರ' ಅಂತ ಒತ್ತಿ," ಅಂದೆ ಜಂಬದಿಂದ.

ಸಾಹೇಬರು ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದರು. "ಇವತ್ತು ಷಷ್ಠಿ ಕಣಮ್ಮ, ಹುತ್ತಕ್ಕೆ ಹಾಲೆರೆಯೋ ದಿನ! ಅದರ ಹೆಸರನ್ನ ನನ್ನ ಕೈಲಿ ಬರೆಸ್ತೀಯಾ?" ಕೆನ್ನೆ ಬಡಿದುಕೊಂಡು ಒಂದೊಂದೇ ಅಕ್ಷರ ಒತ್ತಿದರು: ದೇವರು.

ತೆರೆಯ ಮೇಲೆ ಮೂಡಿತು: 'ಉರಗಶಾಸ್ತ್ರವನ್ನೂ ನೋಡಿ.' ಕೆಳಗೆ ನಾಲ್ಕೂ ಊರಿನ ಪುಸ್ತಕ.

"ಆಹಾ, ಏನು ಭಕ್ತಿ ಈ ಯಂತ್ರಕ್ಕೆ!" ಎಂದು ಅದಕ್ಕೆ ಕೈಮುಗಿದು, ಇಲ್ಲೇ ಇರಲಿ ಎಂದು ಅಪ್ಪಣೆ ಕೊಡಿಸಿದರು. ಹೋಗುವಾಗ ಮಾನಿಟರಿಗೆ ಕುಂಕುಮವನ್ನೂ ಇಟ್ಟರು.

೫. ಋಣ

ಮುಂದಿನ ಭಾನುವಾರ ನಾಗಮಂಗಲದವರು ನನ್ನ ಮನೆಗೆ ಊಟಕ್ಕೆ ಬಂದರು. ನಾನು ಊರೂರಿನ ಅಡುಗೆ ತಿಂದವಳೇ ಹೊರತು ಮುದ್ದೆ ಕಟ್ಟಿದವಳಲ್ಲ. ಹಿಟ್ಟಿನ ಜೊತೆ ಪಾತ್ರೆ, ಪಾತ್ರೆಯ ಜೊತೆ ಒಲೆ ಎದ್ದು ಬರುತ್ತಿತ್ತು. ಹೇಗೋ ಉಂಡೆ ಮಾಡಿ ಬಡಿಸಿದೆ.

ಅವರು ಮುರಿಯಲು ನೋಡಿದರು, ಆಗಲಿಲ್ಲ. ತಟ್ಟೆಗೆ ಕುಕ್ಕಿದರು. ಠಣ್ ಎಂದಿತು.

"ಮೇಡಂ, ಇದ್ನ ಕಂಪ್ಯೂಟರ್‌ಗೆ ಏರ್ಸುವಾಗ 'ಅಡುಗೆ' ಅಂತ ಮಾತ್ರ ಹಾಕ್ಬೇಡಿ."

"ಮತ್ತೆ?"

"'ಕಟ್ಟಡ ಸಾಮಗ್ರಿ' ಅಂತ ಹಾಕಿ. ಪಕ್ಕದಲ್ಲಿ 'ದೇವರನ್ನೂ ನೋಡಿ' ಅಂತ ಬರೀರಿ."